ಪೆಟ್ಟಿಗೆಯ ಮೇಲೆ ಇಲ್ಲದ ಒಂದು ತಾರೀಖು

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯಿತು. ಮರುದಿನ ಬೆಳಿಗ್ಗೆ ಯಾವ ಕಂಪ್ಯೂಟರೂ ಕೆಟ್ಟು ನಿಲ್ಲಲಿಲ್ಲ. ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಬಂತು, ಆಡಿಟರ್ ಆಫೀಸಿನಲ್ಲಿ ಟ್ಯಾಲಿ ತೆರೆಯಿತು, ಸೈಬರ್ ಸೆಂಟರ್‌ಗಳಲ್ಲಿ ಎಂದಿನಂತೆ ಅರ್ಜಿ ತುಂಬುವವರ ಸಾಲು ನಿಂತಿತು. ಕಣ್ಣಿಗೆ ಏನೂ ಕಾಣಲಿಲ್ಲ. ಅದಕ್ಕೇ ಇರಬೇಕು, ನಮ್ಮಲ್ಲಿ ಈ ಬಗ್ಗೆ ಮಾತು ಅಷ್ಟೇನೂ ನಡೆಯಲಿಲ್ಲ. ಹೊಸ ಫೋನಿನ ಕ್ಯಾಮೆರಾ ಬಗ್ಗೆ ನಾವು ಆಡುವ ಮಾತಿನ ಹತ್ತನೇ ಒಂದು ಭಾಗವೂ ಇದಕ್ಕೆ ಸಿಗಲಿಲ್ಲ.

ಆದರೆ ಅವತ್ತು ನಿಂತದ್ದು ಸಣ್ಣ ವಿಷಯವಲ್ಲ. ಪ್ರತಿ ತಿಂಗಳ ಎರಡನೇ ಮಂಗಳವಾರ ಮೈಕ್ರೋಸಾಫ್ಟ್ ತನ್ನ ತಂತ್ರಾಂಶದಲ್ಲಿ ಸಿಕ್ಕ ತೂತುಗಳಿಗೆ, ಅಂದರೆ ಸುರಕ್ಷತೆಯ ಲೋಪಗಳಿಗೆ, ಪ್ಯಾಚ್ (ತೇಪೆ) ಬಿಡುಗಡೆ ಮಾಡುತ್ತದೆ. ವಿಂಡೋಸ್ 10ಕ್ಕೆ ಅದು ತಾನಾಗಿ ಬರುವುದು ನಿಂತಿತು. ವಿಂಡೋಸ್ 10 ಮತ್ತು 11ರ ಒಳಗೆ ಬಹಳಷ್ಟು ಕೋಡ್ ಒಂದೇ. ಹಾಗಾಗಿ 11ಕ್ಕೆ ಪ್ಯಾಚ್ ಬಂದ ದಿನ, ಕೆಟ್ಟ ಉದ್ದೇಶದವರು ಆ ಪ್ಯಾಚನ್ನೇ ಬಿಚ್ಚಿ ನೋಡಿ, ತೂತು ಎಲ್ಲಿತ್ತು ಅಂತ ಕಂಡುಕೊಳ್ಳಬಹುದು. ಅದೇ ತೂತು 10ರಲ್ಲೂ ಇದ್ದು, ಅಲ್ಲಿ ಮುಚ್ಚುವವರು ಇಲ್ಲದಿದ್ದರೆ ಅದು ತೆರೆದೇ ಇರುತ್ತದೆ. ತಿಂಗಳು ಕಳೆದಂತೆ ಇಂಥವು ಜಾಸ್ತಿ ಆಗುತ್ತಾ ಹೋಗುತ್ತವೆ.

ಇದು ಸುಮ್ನೆ ಹೆದರಿಸುವ ಮಾತಲ್ಲ. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಅನ್ನುವ ವೈರಸ್ 150 ದೇಶಗಳಲ್ಲಿ 2 ಲಕ್ಷಕ್ಕೂ ಹೆಚ್ಚು ಕಂಪ್ಯೂಟರ್‌ಗಳ ಕಡತಗಳಿಗೆ ಬೀಗ ಹಾಕಿ ದುಡ್ಡು ಕೇಳಿತು. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳು ರೋಗಿಗಳನ್ನು ವಾಪಸ್ ಕಳಿಸಬೇಕಾಯಿತು. ಆ ತೂತಿಗೆ ಮೈಕ್ರೋಸಾಫ್ಟ್ ಎರಡು ತಿಂಗಳು ಮೊದಲೇ, ಮಾರ್ಚ್‌ನಲ್ಲೇ ಪ್ಯಾಚ್ ಕೊಟ್ಟಿತ್ತು. ಹಾಕಿಕೊಳ್ಳದವರು ಸಿಕ್ಕಿಬಿದ್ದರು. ಬೆಂಬಲ ಮುಗಿದು ಮೂರು ವರ್ಷ ಆಗಿದ್ದ ಹಳೆಯ ವಿಂಡೋಸ್ ಎಕ್ಸ್‌ಪಿಗೂ ಆಗ ತುರ್ತಾಗಿ ಪ್ಯಾಚ್ ಕೊಡಬೇಕಾಯಿತು. ಪ್ಯಾಚ್ ಇದ್ದೂ ಹಾಕಿಕೊಳ್ಳದವರ ಕಥೆಯೇ ಹೀಗಾದರೆ, ಪ್ಯಾಚೇ ಇಲ್ಲದವರ ಪಾಡೇನು?

ಹಾಗಾದರೆ ಎಲ್ಲರೂ ವಿಂಡೋಸ್ 11ಕ್ಕೆ ಹೋಗಿಬಿಡಬಹುದಲ್ವಾ, ಅದು ಉಚಿತ ತಾನೇ? ಹೋಗಲು ಆಗುವುದಿಲ್ಲ ಅನ್ನುವುದೇ ನನ್ನ ತಕರಾರು.

ವಿಂಡೋಸ್ 11 ಹಾಕಲು ಟಿಪಿಎಂ 2.0 ಬೇಕು. ಪಾಸ್‌ವರ್ಡ್, ಡಿಸ್ಕ್‌ಗೆ ಬೀಗ ಹಾಕುವ ಕೀಲಿ ಇಂಥವನ್ನು ಉಳಿದ ಕಂಪ್ಯೂಟರ್‌ನಿಂದ ಬೇರೆಯಾಗಿ ಕಾಪಾಡುವ ವ್ಯವಸ್ಥೆ ಅದು. ಒಳ್ಳೆಯದೇ, ನಾನು ಅದರ ವಿರೋಧಿ ಅಲ್ಲ. ಜೊತೆಗೆ ಪ್ರೊಸೆಸರ್ ಇಂಟೆಲ್‌ನದಾದರೆ ಹೆಚ್ಚುಕಡಿಮೆ ಎಂಟನೇ ತಲೆಮಾರಿನದ್ದು ಅಥವಾ ಅದಕ್ಕಿಂತ ಹೊಸದು ಇರಬೇಕು. ಎಂಟನೇ ತಲೆಮಾರು ಮಾರುಕಟ್ಟೆಗೆ ಬಂದದ್ದು 2017ರ ಕೊನೆಯ ಹೊತ್ತಿಗೆ. ಆದರೆ ಅಂಗಡಿಗಳಲ್ಲಿ ಏಳನೇ ತಲೆಮಾರಿನ, ಆರನೇ ತಲೆಮಾರಿನ ಲ್ಯಾಪ್‌ಟಾಪ್‌ಗಳು ಆಮೇಲೂ ಮಾರಾಟವಾದವು. ಅದರಲ್ಲೂ ಕಡಿಮೆ ಬೆಲೆಯವು. ಹೊಸ ಷರತ್ತು ಹೊರಬಿದ್ದದ್ದು 2021ರ ಜೂನ್‌ನಲ್ಲಿ. ಅಂದರೆ 2018ರಲ್ಲಿ ಇಂಥ ಹೊಸ ಲ್ಯಾಪ್‌ಟಾಪ್ ಕೊಂಡವರಿಗೆ, ಮೂರು ವರ್ಷದ ನಂತರ ನಿಮ್ಮದು ಹಳೆಯ ಕಾಲದ್ದು ಅಂತ ಗೊತ್ತಾಯಿತು. ಕೊಳ್ಳುವಾಗ ಅದನ್ನು ತಿಳಿಯುವ ದಾರಿಯೇ ಇರಲಿಲ್ಲ.

ಒಂದು ವಿಷಯ ನನಗೆ ಇವತ್ತಿಗೂ ಸರಿ ಅನಿಸಿಲ್ಲ. ಏಳನೇ ತಲೆಮಾರು ಬೇಡ ಅಂದ ಮೈಕ್ರೋಸಾಫ್ಟ್, ಎರಡು ತಿಂಗಳ ನಂತರ ಅದೇ ತಲೆಮಾರಿನ ಒಂದು ಚಿಪ್ಪನ್ನು ಕೆಲವು ಷರತ್ತುಗಳ ಜೊತೆ ಪಟ್ಟಿಗೆ ಸೇರಿಸಿತು. ಆ ಚಿಪ್ ಇದ್ದದ್ದು ಮೈಕ್ರೋಸಾಫ್ಟ್ ತಾನೇ ಮಾರುತ್ತಿದ್ದ ದುಬಾರಿ ಸರ್ಫೇಸ್ ಸ್ಟುಡಿಯೋ 2 ಯಂತ್ರದಲ್ಲಿ. ಹಾಗಾದರೆ ಏಳನೇ ತಲೆಮಾರಿನ ಯಂತ್ರದಲ್ಲೂ ಹನ್ನೊಂದು ಓಡಬಲ್ಲದು, ಅಲ್ವಾ? ಯಾವುದನ್ನು ಉಳಿಸಬೇಕು, ಯಾವುದನ್ನು ಬಿಡಬೇಕು ಅನ್ನುವುದು ಪೂರ್ತಿಯಾಗಿ ತಾಂತ್ರಿಕ ನಿರ್ಧಾರ ಆಗಿರಲಿಲ್ಲ. ಹೀಗೆ ಹೊರಗುಳಿಯುವ ಕಂಪ್ಯೂಟರ್‌ಗಳು ಜಗತ್ತಿನಲ್ಲಿ ಸುಮಾರು 24 ಕೋಟಿ ಇರಬಹುದು ಅಂತ ಕ್ಯಾನಲಿಸ್ ಎಂಬ ಮಾರುಕಟ್ಟೆ ಅಧ್ಯಯನ ಸಂಸ್ಥೆ 2023ರ ಕೊನೆಯಲ್ಲಿ ಅಂದಾಜು ಮಾಡಿತ್ತು.

ನನ್ನ ಅಕ್ಕನ ಮನೆಯ ಲ್ಯಾಪ್‌ಟಾಪ್ ಅಂಥದ್ದೇ ಒಂದು. ಅವಳು ಟ್ಯೂಷನ್ ಹೇಳಿಕೊಡುತ್ತಾಳೆ. ಪ್ರಶ್ನೆಪತ್ರಿಕೆಗಳನ್ನು ನುಡಿಯಲ್ಲಿ ಟೈಪ್ ಮಾಡುತ್ತಾಳೆ, ಮಕ್ಕಳಿಗೆ ವಿಡಿಯೋ ತೋರಿಸುತ್ತಾಳೆ, ಅಷ್ಟೇ. ಅಂಗಡಿಗೆ ತೆಗೆದುಕೊಂಡು ಹೋದರೆ, "ಮೇಡಂ, ಇದಕ್ಕೆ ಹನ್ನೊಂದು ಬರಲ್ಲ. ಹೊಸದು ತಗೊಂಡ್ಬಿಡಿ" ಅಂದರು. ಅವರು ಸುಳ್ಳು ಹೇಳಲಿಲ್ಲ. ಆದರೆ ಹನ್ನೊಂದು ಬರುವುದಿಲ್ಲ ಅನ್ನುವುದಕ್ಕೂ ಹೊಸದು ಕೊಳ್ಳಬೇಕು ಅನ್ನುವುದಕ್ಕೂ ನಡುವೆ ಇನ್ನೂ ಬೇಕಾದಷ್ಟು ದಾರಿ ಇದೆ. ಅದನ್ನು ಯಾರೂ ಅವಳಿಗೆ ಹೇಳಲಿಲ್ಲ.

ಹಳೆಯ ಲ್ಯಾಪ್‌ಟಾಪ್ ನಿಧಾನ ಆಗಲು ಮುಖ್ಯ ಕಾರಣ ಸಾಮಾನ್ಯವಾಗಿ ಪ್ರೊಸೆಸರ್ ಆಗಿರುವುದಿಲ್ಲ. ತಿರುಗುವ ಹಾರ್ಡ್ ಡಿಸ್ಕ್ ಆಗಿರುತ್ತದೆ. ಅದನ್ನು ತೆಗೆದು ಅದೇ ಅಳತೆಯ, ಎರಡೂವರೆ ಇಂಚಿನ ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ, ಚಿಪ್‌ಗಳಲ್ಲೇ ಕಡತ ಉಳಿಸುವ ಡಿಸ್ಕ್) ಕೂರಿಸಿದರೆ ಯಂತ್ರದ ನಡೆಯೇ ಬದಲಾಗುತ್ತದೆ. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಈ ಕೆಲಸವನ್ನು ಕಣ್ಣಮುಂದೆಯೇ ಮಾಡಿಕೊಡುವವರು ಇದ್ದಾರೆ. ಜಿಲ್ಲಾ ಕೇಂದ್ರಗಳಲ್ಲೂ ಈಗ ಇದು ಅಪರೂಪವೇನಲ್ಲ. ಇನ್ನು ಪ್ಯಾಚ್ ವಿಷಯ. ಮನೆಬಳಕೆಯವರಿಗೆ ಮೈಕ್ರೋಸಾಫ್ಟ್ 2026ರ ಅಕ್ಟೋಬರ್ 13ರವರೆಗೆ ಒಂದು ವರ್ಷ ಹೆಚ್ಚುವರಿ ಪ್ಯಾಚ್ ಕೊಡುತ್ತದೆ. 30 ಡಾಲರ್ ಕೊಟ್ಟು ಪಡೆಯಬಹುದು. ಇಲ್ಲವೇ ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆಗಿ, ಕಂಪ್ಯೂಟರ್‌ನ ಸೆಟ್ಟಿಂಗ್‌ಗಳ ಬ್ಯಾಕಪ್ ಆನ್ ಮಾಡಿದರೆ ದುಡ್ಡಿಲ್ಲದೆ ಸಿಗುತ್ತದೆ. ಸೆಟ್ಟಿಂಗ್ಸ್‌ನ ಅಪ್‌ಡೇಟ್ ಪುಟದಲ್ಲೇ ಅದರ ಲಿಂಕ್ ಇದೆ. ಅಕ್ಕನ ಲ್ಯಾಪ್‌ಟಾಪ್‌ಗೆ ಇವೆರಡನ್ನೂ ಮಾಡಿದೆವು. ಅವಳ ಕೆಲಸಕ್ಕೆ ಅದು ಸಾಕಾಗಿದೆ.

ವಿಂಡೋಸ್ ಬದಲು ಹಾಕಿಕೊಳ್ಳಬಹುದಾದ ಲಿನಕ್ಸ್ ಬಗ್ಗೆಯೂ ಹೇಳಬೇಕು. ಲಿನಕ್ಸ್ ಅಂದರೆ ಇಂಜಿನಿಯರುಗಳಿಗೆ ಮಾತ್ರ ಅನ್ನುವ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಪಕ್ಕದ ಕೇರಳದ ಸರ್ಕಾರಿ ಶಾಲೆಗಳಲ್ಲಿ ಮಕ್ಕಳು ವರ್ಷಗಳಿಂದ ಅದರಲ್ಲೇ ಕಲಿಯುತ್ತಿದ್ದಾರೆ. ಅಲ್ಲಿಯ ಶಿಕ್ಷಣ ಇಲಾಖೆಯ ಕೈಟ್ ಸಂಸ್ಥೆ ಉಬುಂಟು ಎಂಬ ಲಿನಕ್ಸ್ ಆವೃತ್ತಿಯನ್ನು ಆಧರಿಸಿ ಶಾಲೆಗಳಿಗಾಗಿಯೇ ಒಂದು ಲಿನಕ್ಸ್ ಸಿದ್ಧಮಾಡಿ ಕೊಡುತ್ತದೆ. ಕನ್ನಡಕ್ಕೂ ಅಲ್ಲಿ ತೊಂದರೆ ಇಲ್ಲ. ನಾವು ನುಡಿಯಲ್ಲಿ ಬಳಸುವ ಕಗಪ ಕೀಲಿಮಣೆ ವಿನ್ಯಾಸ ಲಿನಕ್ಸ್‌ನ ಕೀಬೋರ್ಡ್ ಪಟ್ಟಿಯಲ್ಲೇ ಇದೆ, ಬೇರೆ ಏನನ್ನೂ ಹಾಕಿಕೊಳ್ಳಬೇಕಿಲ್ಲ. ಗುಬ್ಬಿ, ನವಿಲು ಫಾಂಟ್‌ಗಳು ಸಿಗುತ್ತವೆ. ವೆಬ್, ಮೇಲ್, ವಿಡಿಯೋ, ಪತ್ರ ಬರೆಯುವುದು ಇಷ್ಟೇ ಕೆಲಸ ಇರುವ ಮನೆಗೆ ಲಿನಕ್ಸ್ ಮಿಂಟ್ ಧಾರಾಳವಾಗಿ ಸಾಕು.

ಹಾಗಂತ ಎಲ್ಲರಿಗೂ ಅದನ್ನೇ ಹೇಳಲು ನಾನು ತಯಾರಿಲ್ಲ. ಟ್ಯಾಲಿ ಓಡುವುದು ವಿಂಡೋಸ್‌ನಲ್ಲಿ. ಡಿಟಿಪಿ ಅಂಗಡಿಯವರ ಹತ್ತಾರು ವರ್ಷದ ಕಡತಗಳು ಯೂನಿಕೋಡ್ ಅಲ್ಲದ ಹಳೆಯ ಫಾಂಟ್‌ಗಳಲ್ಲಿ, ಪೇಜ್‌ಮೇಕರ್‌ನಲ್ಲಿ ಕೂತಿವೆ. ಮದುವೆ ಕಾಗದ, ಸಂಘದ ವರದಿ, ಊರ ಜಾತ್ರೆಯ ಕರಪತ್ರ ಎಲ್ಲವೂ ಅಲ್ಲೇ. ದಿನಕ್ಕೆ ನೂರು ಪುಟ ಪ್ರಿಂಟ್ ಹೊಡೆದು ಜೀವನ ನಡೆಸುವವರಿಗೆ "ಲಿನಕ್ಸ್‌ಗೆ ಬದಲಾಯಿಸಿ" ಅನ್ನುವುದು ಸುಲಭ, ಅವರು ಬದಲಾಯಿಸುವುದು ಸುಲಭವಲ್ಲ. ಅವರು ಹೊಸ ಕಂಪ್ಯೂಟರ್‌ಗೆ ಸಾಲ ಮಾಡಬೇಕು ಅಥವಾ ತೂತುಬಿದ್ದ ಯಂತ್ರದಲ್ಲೇ ಜನರ ಆಧಾರ್, ಪಾನ್ ಕಡತಗಳನ್ನು ತೆರೆಯುತ್ತಿರಬೇಕು. ಎರಡನೆಯದೇ ಜಾಸ್ತಿ ನಡೆಯುತ್ತದೆ. ಅಲ್ಲಿ ಆಧಾರ್ ಕೊಟ್ಟು ಬರುವವರು ನಾವೇ.

ಫೋನ್‌ಗಳಿಗೆ ಬಂದರೆ, ಬೆಂಬಲ ಮುಗಿಯುವ ಈ ತಾರೀಖಿನ ವಿಷಯ ಇನ್ನೂ ಗೋಜಲು. ಗೂಗಲ್ 2023ರಲ್ಲಿ ಪಿಕ್ಸೆಲ್ 8ಕ್ಕೆ ಏಳು ವರ್ಷ ಅಪ್‌ಡೇಟ್ ಕೊಡುತ್ತೇನೆ ಅಂತ ಹೇಳಿತು. 2024ರ ಜನವರಿಯಲ್ಲಿ ಸ್ಯಾಮ್‌ಸಂಗ್ ಕೂಡ ಗ್ಯಾಲಕ್ಸಿ ಎಸ್24ಗೆ ಅದೇ ಮಾತು ಕೊಟ್ಟಿತು. ದುಬಾರಿ ಫೋನ್ ಕೊಳ್ಳುವವರಿಗೆ ಇದು ದೊಡ್ಡ ಅನುಕೂಲ. ಆದರೆ ನಮ್ಮ ಊರುಗಳಲ್ಲಿ ಜನ ಕೊಳ್ಳುವ ಹತ್ತು ಹನ್ನೆರಡು ಸಾವಿರದ ಫೋನುಗಳಿಗೆ ಸಿಗುವುದು ಸಾಮಾನ್ಯವಾಗಿ ಇದಕ್ಕಿಂತ ಬಹಳ ಕಡಿಮೆ. ಅದನ್ನು ಪೆಟ್ಟಿಗೆಯ ಮೇಲೆ ನಾನು ಎಲ್ಲೂ ನೋಡಿಲ್ಲ.

ಇನ್ನೊಂದು ಮಾತನ್ನು ಹಬ್ಬದ ಸೇಲ್ ಸಮಯದಲ್ಲಿ ಯಾರೂ ಹೇಳುವುದಿಲ್ಲ. ಈ ವರ್ಷಗಳ ಲೆಕ್ಕ ಸಾಮಾನ್ಯವಾಗಿ ಆ ಮಾದರಿ ಬಿಡುಗಡೆಯಾದ ದಿನದಿಂದ ಶುರುವಾಗುತ್ತದೆ. ನೀವು ಕೊಂಡ ದಿನದಿಂದ ಅಲ್ಲ. ಎರಡು ವರ್ಷ ಹಳೆಯ ಮಾದರಿ ಭಾರಿ ರಿಯಾಯಿತಿಯಲ್ಲಿ ಸಿಕ್ಕಿತು ಅಂದುಕೊಳ್ಳಿ. ನಾಲ್ಕು ವರ್ಷದ ಬೆಂಬಲದಲ್ಲಿ ಎರಡು ಆಗಲೇ ಮುಗಿದಿರುತ್ತದೆ. ಫೋನ್ ಹೊಸದು, ಸೀಲ್ ಒಡೆದಿಲ್ಲ, ಆದರೆ ಅರ್ಧ ಆಯಸ್ಸು ಗೋದಾಮಿನಲ್ಲೇ ಕಳೆದಿರುತ್ತದೆ. ರಿಯಾಯಿತಿ ಅಷ್ಟಕ್ಕೆ ಸರಿಹೋಗುತ್ತದೋ ಇಲ್ಲವೋ ಅಂತ ಲೆಕ್ಕ ಹಾಕುವುದು ಕೊಳ್ಳುವವರ ಹಕ್ಕು. ಆ ಲೆಕ್ಕಕ್ಕೆ ಬೇಕಾದ ಅಂಕಿಯನ್ನೇ ಕೊಡದಿದ್ದರೆ ಹೇಗೆ?

ಮಾತ್ರೆಯ ಪಟ್ಟಿಯ ಹಿಂದೆ ಎಕ್ಸ್‌ಪೈರಿ ಇರುವ ಹಾಗೆ, ಯಂತ್ರದ ಪೆಟ್ಟಿಗೆಯ ಮೇಲೆ ಕೊನೆಯ ಅಪ್‌ಡೇಟ್ ಬರುವ ತಿಂಗಳು ಮತ್ತು ವರ್ಷ ಇರಬೇಕು. ಈ ಬರಹದಲ್ಲಿ ನಾನು ಕೇಳುತ್ತಿರುವುದು ಇಷ್ಟನ್ನೇ.

ಒಂದು ತಾರೀಖು ಅಚ್ಚು ಹಾಕಿದರೆ ಏನು ಮಹಾ ಬದಲಾಗುತ್ತದೆ ಅಂತ ಗೆಳೆಯರೊಬ್ಬರು ಕೇಳಿದರು. ಬಹಳ ಬದಲಾಗುತ್ತದೆ ಅನ್ನುವುದಕ್ಕೆ ಆಪಲ್‌ನ ಬ್ಯಾಟರಿ ಪ್ರಕರಣವೇ ಸಾಕ್ಷಿ. 2017ರ ಡಿಸೆಂಬರ್‌ನಲ್ಲಿ, ಬ್ಯಾಟರಿ ಹಳೆಯದಾದ ಐಫೋನ್‌ಗಳ ವೇಗವನ್ನು ತಾನು ತಂತ್ರಾಂಶದ ಮೂಲಕ ತಗ್ಗಿಸುತ್ತಿದ್ದೇನೆ ಅಂತ ಆಪಲ್ ಒಪ್ಪಿಕೊಂಡಿತು. ಕಾರಣ ಸುಳ್ಳಾಗಿರಲಿಲ್ಲ. ಲಿಥಿಯಂ ಬ್ಯಾಟರಿ ಹಳೆಯದಾದಂತೆ ಒಮ್ಮೆಲೇ ಹೆಚ್ಚು ಕರೆಂಟ್ ಕೊಡಲಾರದು. ಪ್ರೊಸೆಸರ್ ಪೂರ್ತಿ ವೇಗದಲ್ಲಿ ಓಡಲು ಹೋದರೆ ಫೋನ್ ದಿಢೀರನೆ ಆಫ್ ಆಗಬಹುದು. ಅದನ್ನು ತಪ್ಪಿಸಲು ವೇಗ ತಗ್ಗಿಸಿದ್ದರು. ತಪ್ಪಾದದ್ದು ಹೇಳದೆ ಮಾಡಿದ್ದರಲ್ಲಿ. ಫೋನ್ ನಿಧಾನ ಆಯಿತು ಅಂದುಕೊಂಡವರು ಹೊಸ ಫೋನ್ ಕೊಂಡರು. ಅವರಿಗೆ ಬೇಕಾಗಿದ್ದದ್ದು ಹೊಸ ಬ್ಯಾಟರಿ ಮಾತ್ರ.

ವಿಷಯ ಹೊರಬಿದ್ದ ಮೇಲೆ ಆಪಲ್ ಬ್ಯಾಟರಿ ಬದಲಾವಣೆಯ ಬೆಲೆಯನ್ನು ಅಮೆರಿಕದಲ್ಲಿ 79 ಡಾಲರ್‌ನಿಂದ 29ಕ್ಕೆ ಇಳಿಸಿತು. ಬ್ಯಾಟರಿಯ ಆರೋಗ್ಯ ಎಷ್ಟು ಶೇಕಡಾ ಉಳಿದಿದೆ ಅಂತ ತೋರಿಸುವ ಪುಟವನ್ನು ಸೆಟ್ಟಿಂಗ್ಸ್‌ಗೆ ಸೇರಿಸಿತು. 2020ರಲ್ಲಿ ಫ್ರಾನ್ಸ್ ಸರ್ಕಾರ, ಗ್ರಾಹಕರಿಗೆ ತಿಳಿಸಲಿಲ್ಲ ಅನ್ನುವ ಕಾರಣಕ್ಕೆ ಎರಡೂವರೆ ಕೋಟಿ ಯೂರೋ ದಂಡ ಹಾಕಿತು. ನನಗೆ ಇದಕ್ಕಿಂತ ಮುಖ್ಯ ಅನಿಸುವುದು 2019ರ ಜನವರಿ 2ರಂದು ಟಿಮ್ ಕುಕ್ ಹೂಡಿಕೆದಾರರಿಗೆ ಬರೆದ ಪತ್ರ. ಆ ತ್ರೈಮಾಸಿಕದಲ್ಲಿ ವ್ಯಾಪಾರ ನಿರೀಕ್ಷೆಗಿಂತ ಕಡಿಮೆ ಆಗಿತ್ತು. ಜನ ಹೊಸ ಐಫೋನ್‌ಗೆ ಹೋಗದಿರಲು ಅವರು ಕೊಟ್ಟ ಕಾರಣಗಳಲ್ಲಿ, ಕಡಿಮೆ ಬೆಲೆಗೆ ಬ್ಯಾಟರಿ ಬದಲಾಯಿಸಿಕೊಂಡದ್ದೂ ಒಂದು.

ಯೋಚನೆ ಮಾಡಿ. ಮೊದಲು ಗುಟ್ಟಾಗಿದ್ದ ಒಂದು ಮಾಹಿತಿ ಜನರಿಗೆ ಸಿಕ್ಕಿತು, ಜೊತೆಗೆ ರಿಪೇರಿಗೆ ನ್ಯಾಯವಾದ ಬೆಲೆ ಸಿಕ್ಕಿತು. ಅಷ್ಟಕ್ಕೇ ಜಗತ್ತಿನ ಅತಿ ದೊಡ್ಡ ಕಂಪನಿಗಳಲ್ಲಿ ಒಂದರ ಲೆಕ್ಕಪತ್ರದಲ್ಲಿ ಕಾಣುವಷ್ಟು ಜನ ತಮ್ಮ ಹಳೆಯ ಫೋನ್ ಇಟ್ಟುಕೊಂಡರು. ಜನ ಹೊಸದರ ಹುಚ್ಚಿನಿಂದಲೇ ಹಳೆಯದನ್ನು ಬಿಸಾಡುತ್ತಾರೆ ಅಂತ ದೂರುವವರಿಗೆ ನಾನು ಇದನ್ನೇ ತೋರಿಸುತ್ತೇನೆ.

ಈಗ ಹಳೆಯದನ್ನು ಉಳಿಸಿಕೊಳ್ಳಲು ಇನ್ನೊಂದು ಕಾರಣವೂ ಸೇರಿದೆ. 2025ರ ಕೊನೆಯಿಂದ ರ‍್ಯಾಮ್ ಬೆಲೆ ವಿಪರೀತ ಏರಿತು. ಎಐ ಡೇಟಾ ಸೆಂಟರ್‌ಗಳಿಗೆ ಬೇಕಾದ ಮೆಮೊರಿ ಚಿಪ್‌ಗಳಲ್ಲಿ ಲಾಭ ಜಾಸ್ತಿ. ಅವನ್ನು ಮಾಡುವ ದೊಡ್ಡ ಕಂಪನಿಗಳು ಜಗತ್ತಿನಲ್ಲಿ ಇರುವುದೇ ಮುಖ್ಯವಾಗಿ ಮೂರು: ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್. ಅವರು ಆ ಕಡೆ ವಾಲಿದರು, ನಮ್ಮಂಥವರು ಕೊಳ್ಳುವ ರ‍್ಯಾಮ್ ಕಡಿಮೆಯಾಯಿತು. ಡಿಸೆಂಬರ್‌ನಲ್ಲಿ ಮೈಕ್ರಾನ್, ಕ್ರೂಷಿಯಲ್ ಹೆಸರಿನಲ್ಲಿ ಸಾಮಾನ್ಯ ಗ್ರಾಹಕರಿಗೆ ಮಾರುತ್ತಿದ್ದ ವ್ಯಾಪಾರವನ್ನೇ ನಿಲ್ಲಿಸುತ್ತೇನೆ ಅಂತ ಘೋಷಿಸಿತು. ಹಳೆಯ ಕಂಪ್ಯೂಟರ್ ಬಿಚ್ಚಿದವರೆಲ್ಲ ಒಮ್ಮೆಯಾದರೂ ಕೈಯಲ್ಲಿ ಹಿಡಿದಿರುವ ಹೆಸರು ಅದು, ನನಗೆ ಬೇಜಾರಾಯಿತು. ಇಂಥ ಹೊತ್ತಿನಲ್ಲಿ, 8 ಜಿಬಿ ರ‍್ಯಾಮ್ ಇರುವ, ಚೆನ್ನಾಗಿ ಓಡುತ್ತಿರುವ ಯಂತ್ರವನ್ನು ತಂತ್ರಾಂಶದ ಕಾರಣಕ್ಕೆ ಗುಜರಿಗೆ ಹಾಕುವುದು ನನಗೆ ನೋವಿನ ಸಂಗತಿ.

ಗುಜರಿಗೆ ಹೋದದ್ದು ಏನಾಗುತ್ತದೆ ಅಂತಲೂ ನೋಡಬೇಕು. ವಿಶ್ವಸಂಸ್ಥೆಯ ವರದಿಯ ಪ್ರಕಾರ 2022ರಲ್ಲಿ ಜಗತ್ತಿನಲ್ಲಿ 6.2 ಕೋಟಿ ಟನ್ ಇ-ತ್ಯಾಜ್ಯ ಹುಟ್ಟಿತು. ಸರಿಯಾದ ಕ್ರಮದಲ್ಲಿ ಸಂಗ್ರಹವಾಗಿ ಮರುಬಳಕೆಗೆ ಹೋಗಿದೆ ಅಂತ ದಾಖಲೆ ಇದ್ದದ್ದು 22.3 ಶೇಕಡಾಕ್ಕೆ ಮಾತ್ರ. ನಮ್ಮಲ್ಲಿ ದಾಬಸ್‌ಪೇಟೆಯ ಇ-ಪರಿಸರದಂಥ ಸಂಸ್ಥೆಗಳು 2005ರಿಂದಲೂ ಈ ಕೆಲಸ ಮಾಡುತ್ತಿವೆ. ಆದರೂ ಮನೆಗಳಿಂದ ಹೊರಬೀಳುವ ಬಹಳಷ್ಟು ವಸ್ತು ಅಂಥ ಕಡೆ ತಲುಪುವುದಿಲ್ಲ. ವೈರ್ ಸುಟ್ಟು ತಾಮ್ರ ತೆಗೆಯುವ, ಆಸಿಡ್‌ನಲ್ಲಿ ಬೋರ್ಡ್ ಅದ್ದಿ ಚಿನ್ನ ತೆಗೆಯುವ ಕೆಲಸಕ್ಕೆ ಹೋಗುತ್ತದೆ. ಆ ಹೊಗೆ ಕುಡಿಯುವವರು ಕೂಡ ನಮ್ಮ ಜನವೇ.

ಬೇರೆ ಕಡೆ ಕಾನೂನು ಬಂದಿದೆ. ಬ್ರಿಟನ್ನಿನಲ್ಲಿ 2024ರ ಏಪ್ರಿಲ್ 29ರಿಂದ, ಇಂಟರ್ನೆಟ್‌ಗೆ ಸೇರುವ ಗೃಹಬಳಕೆಯ ವಸ್ತು ಮಾರುವವರು ಕನಿಷ್ಠ ಎಷ್ಟು ಕಾಲ ಸುರಕ್ಷತಾ ಅಪ್‌ಡೇಟ್ ಕೊಡುತ್ತೇವೆ ಅಂತ ಪ್ರಕಟಿಸಲೇಬೇಕು. ಯೂರೋಪಿನ ಒಕ್ಕೂಟದಲ್ಲಿ 2025ರ ಜೂನ್ 20ರಿಂದ ಫೋನುಗಳ ಮೇಲೆ ಲೇಬಲ್ ಕಡ್ಡಾಯ. ಬ್ಯಾಟರಿ ಎಷ್ಟು ಸಲ ಚಾರ್ಜ್ ಆಗುವವರೆಗೆ ಬಾಳುತ್ತದೆ, ರಿಪೇರಿಗೆ ಎಷ್ಟು ಸುಲಭ ಅನ್ನುವುದು ಅದರಲ್ಲಿ ಇರುತ್ತದೆ. 2027ರ ಡಿಸೆಂಬರ್‌ನಿಂದ ಪೂರ್ತಿ ಜಾರಿಗೆ ಬರುವ ಅವರ ಇನ್ನೊಂದು ಕಾಯ್ದೆಯಲ್ಲಿ, ಬೆಂಬಲ ಮುಗಿಯುವ ತಿಂಗಳು ಮತ್ತು ವರ್ಷವನ್ನು ಕೊಳ್ಳುವಾಗಲೇ ತಿಳಿಸಬೇಕು ಅಂತ ಇದೆ. ನಾನು ಕೇಳುತ್ತಿರುವುದು ನೆಲದ ಮೇಲೆ ನಿಲ್ಲದ ಕನಸೇನಲ್ಲ.

ನಮ್ಮಲ್ಲೂ ಕೆಲಸ ನಡೆದಿದೆ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರ್‌ನಲ್ಲಿ ರೈಟ್ ಟು ರಿಪೇರ್ ಪೋರ್ಟಲ್ ಶುರುಮಾಡಿತು. ರಿಪೇರಿ ಸುಲಭವೋ ಕಷ್ಟವೋ ಅಂತ ಅಂಕ ಕೊಡುವ ವ್ಯವಸ್ಥೆ ಹೇಗಿರಬೇಕು ಅಂತ ನೋಡಲು ಸಮಿತಿ ಮಾಡಿತು. 2025ರ ಮೇ ತಿಂಗಳಲ್ಲಿ ವರದಿ ಬಂತು. ಮೊದಲು ಸ್ಮಾರ್ಟ್‌ಫೋನ್ ಮತ್ತು ಟ್ಯಾಬ್ಲೆಟ್‌ಗಳಿಗೆ ಈ ಅಂಕ ಬರಲಿ ಅನ್ನುವುದು ಅದರ ಸಲಹೆ. ಬಿಚ್ಚಲು ಎಷ್ಟು ಸುಲಭ, ಬಿಡಿಭಾಗ ಸಿಗುತ್ತದೆಯೇ, ಯಾವ ಉಪಕರಣ ಬೇಕು ಇವುಗಳ ಜೊತೆ ತಂತ್ರಾಂಶದ ಅಪ್‌ಡೇಟ್ ಕೂಡ ಅಂಕದ ಒಂದು ಭಾಗ. ಇದನ್ನು ನಾನು ಮನಸಾರೆ ಸ್ವಾಗತಿಸುತ್ತೇನೆ.

ಆದರೆ ಅಂಕ ಸಾಲದು. ಸ್ಕ್ರೂ ಸುಲಭವಾಗಿ ಬಿಚ್ಚುತ್ತದೆ ಅನ್ನುವ ಕಾರಣಕ್ಕೆ ಒಳ್ಳೆಯ ಅಂಕ ಪಡೆದ ಫೋನ್‌ಗೆ ಅಪ್‌ಡೇಟ್ ಎರಡೇ ವರ್ಷಕ್ಕೆ ನಿಲ್ಲಬಹುದು. ಎಲ್ಲವನ್ನೂ ಕೂಡಿಸಿ ಒಂದು ಸಂಖ್ಯೆ ಮಾಡಿದಾಗ ತಾರೀಖು ಅದರೊಳಗೆ ಕಳೆದುಹೋಗುತ್ತದೆ. ನಮ್ಮ ಪೆಟ್ಟಿಗೆಗಳ ಮೇಲೆ ಎಂಆರ್‌ಪಿ ಇದೆ, ತಯಾರಾದ ಅಥವಾ ಆಮದಾದ ತಿಂಗಳು-ವರ್ಷ ಇದೆ, ದೂರು ಕೊಡುವ ವಿಳಾಸ ಇದೆ. ಇವೆಲ್ಲ ತೂಕ ಮತ್ತು ಅಳತೆಯ ನಿಯಮಗಳಿಂದಾಗಿ ಕಡ್ಡಾಯವಾಗಿ ಬಂದವು. ಅದೇ ಚೀಟಿಯಲ್ಲಿ ಇನ್ನೊಂದು ಸಾಲಿಗೆ ಜಾಗ ಇದೆ.

ಫೋನ್‌ಗಿಂತ ಮೊದಲು ವೈಫೈ ರೌಟರ್‌ಗಳಿಗೆ ಇದು ಬರಲಿ ಅಂತ ನನ್ನ ಆಸೆ. ಫೋನನ್ನು ದಿನವೂ ನೋಡುತ್ತೇವೆ, ನಾಲ್ಕೈದು ವರ್ಷಕ್ಕೆ ಬದಲಾಯಿಸುತ್ತೇವೆ. ರೌಟರ್ ಮಾತ್ರ ಟಿವಿ ಹಿಂದೆ ಧೂಳು ಹಿಡಿದು ಕೂತಿರುತ್ತದೆ, ದೀಪ ಉರಿಯುತ್ತಿದ್ದರೆ ಸಾಕು, ಯಾರೂ ಅದರ ಕಡೆ ತಿರುಗುವುದಿಲ್ಲ. 2016ರ ಅಕ್ಟೋಬರ್‌ನಲ್ಲಿ ಅಮೆರಿಕದಲ್ಲಿ ಟ್ವಿಟರ್, ನೆಟ್‌ಫ್ಲಿಕ್ಸ್‌ನಂಥ ತಾಣಗಳು ಗಂಟೆಗಟ್ಟಲೆ ತೆರೆಯದೆ ನಿಂತವು. ಮಿರಾಯ್ ಅನ್ನುವ ವೈರಸ್ ಹೊಕ್ಕಿದ್ದ ಮನೆಯ ಕ್ಯಾಮೆರಾ, ರೌಟರ್‌ಗಳೇ ಆ ದಾಳಿಗೆ ಬಳಕೆಯಾಗಿದ್ದವು. ಅವುಗಳ ಮಾಲೀಕರಿಗೆ ತಮ್ಮ ಮನೆಯ ಡಬ್ಬಿ ಇದರಲ್ಲಿದೆ ಅಂತ ಗೊತ್ತೇ ಇರಲಿಲ್ಲ. ನಿಮ್ಮ ಮನೆಯ ರೌಟರ್ ತಿರುಗಿಸಿ ಅದರ ಅಡಿಯ ಚೀಟಿ ಓದಿ. ಮಾದರಿಯ ಹೆಸರು, ಪಾಸ್‌ವರ್ಡ್, ಎಷ್ಟು ವೋಲ್ಟ್ ಎಲ್ಲ ಬರೆದಿರುತ್ತದೆ. ಆ ಮಾದರಿಯ ಹೆಸರನ್ನು ತಯಾರಕರ ವೆಬ್‌ಸೈಟಿನಲ್ಲಿ ಹುಡುಕಿ, ಕೊನೆಯ ಫರ್ಮ್‌ವೇರ್ (ರೌಟರ್ ಒಳಗಿನ ತಂತ್ರಾಂಶ) ಯಾವ ವರ್ಷದ್ದು ಅಂತ ನೋಡಿ. ಐದು ನಿಮಿಷದ ಕೆಲಸ. ಬ್ಯಾಂಕಿನ ಆ್ಯಪ್‌ನಿಂದ ಹಿಡಿದು ಮಕ್ಕಳ ಆನ್‌ಲೈನ್ ಕ್ಲಾಸಿನವರೆಗೆ ಮನೆಯ ಇಂಟರ್ನೆಟ್ ಎಲ್ಲ ಅದರ ಮೂಲಕವೇ ಹೋಗುತ್ತದೆ.